ಅಟ್ಟದ ಮೇಲಿನ ಗಿಟಾರು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ. ಮುಚ್ಚಳ ಸ್ವಲ್ಪ ಬಿಗಿ. ಮೂರು ಸೇರು ಅವಲಕ್ಕಿ ಹಿಡಿಯುತ್ತದೆ. ಮೂವತ್ತು ವರ್ಷ ದಾಟಿದರೂ ಹೊಳಪು ಮಾಸಿಲ್ಲ. ಅದನ್ನು ನಾನು ದುಡ್ಡು ಕೊಟ್ಟು ಕೊಂಡದ್ದಲ್ಲ. 1993ರ ಬೇಸಿಗೆಯಲ್ಲಿ ಕುಮಟೆಯ ತವರುಮನೆಯ ಅಟ್ಟ ಖಾಲಿ ಮಾಡುತ್ತಿದ್ದಾಗ ಹಳೇ ಸಾಮಾನಿಗೆ ಪಾತ್ರೆ ಕೊಡುವವನು ಬಾಗಿಲಿಗೆ ಬಂದ. ಎರಡು ಒಡಕು ಕೊಡ, ಒಂದು ಸೀಮೆಎಣ್ಣೆ ಸ್ಟೋವು, ಒಂದು ಗಿಟಾರು, ಇಷ್ಟನ್ನು ಕೊಟ್ಟು ಆ ಡಬ್ಬಿ ತೆಗೆದುಕೊಂಡೆ. ಚೌಕಾಸಿ ಮಾಡಿ ಮೇಲೊಂದು ಸೌಟನ್ನೂ ಗಿಟ್ಟಿಸಿಕೊಂಡೆ. ಅವತ್ತು ನನ್ನ ವ್ಯವಹಾರಜ್ಞಾನದ ಬಗ್ಗೆ ನನಗೇ ಬಹಳ ಹೆಮ್ಮೆಯಾಗಿತ್ತು.

ಗಿಟಾರು ನನ್ನ ಅಣ್ಣನದು. ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು. ಮುಂಬಯಿಗೆ ಹೋಗಿ ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದ. 1969ರಲ್ಲಿ ರಜೆಗೆ ಬಂದವನು ಆಯಿಗೆ ಜಪಾನಿನ ನೈಲಾನ್ ಸೀರೆ, ಅಪ್ಪನಿಗೆ ಟಾರ್ಚು, ನನಗೆ ಹೂವಿನ ಕೊಡೆ, ತನಗೊಂದು ಗಿಟಾರು ತಂದಿದ್ದ. ಕೋಬೆ ಬಂದರಿನಲ್ಲಿ ಹಡಗು ನಾಲ್ಕು ದಿನ ನಿಂತಾಗ ಕೊಂಡದ್ದಂತೆ. ನಡುವೆ ಕೆಂಪು, ಅಂಚಿಗೆ ಹೋಗುತ್ತ ಹೋಗುತ್ತ ಕಪ್ಪು, ಥೇಟ್ ಹಣ್ಣಾದ ಮುರುಗಲ ಬಣ್ಣ. ಮೈಮೇಲೆ ಗೆರೆಗೆರೆಯ ತಗಡು, ಅದರ ಮೇಲೆ ಸಾಲಾಗಿ ನಾಲ್ಕು ಬಿಳಿ ಸ್ವಿಚ್ಚು. ಅಣ್ಣ ಜಗುಲಿಯಲ್ಲಿ ಕೂತು ಮೀಟಿದ. ಸೊಳ್ಳೆ ಗುಂಯ್‌ಗುಟ್ಟಿದಷ್ಟೂ ಸದ್ದು ಬರಲಿಲ್ಲ. ಪಕ್ಕದ ಮನೆಯವರು "ಹೊಟ್ಟೆಯೇ ಇಲ್ಲದ ವಾದ್ಯಕ್ಕೆ ದನಿ ಎಲ್ಲಿಂದ ಬರಬೇಕು" ಎಂದು ನಕ್ಕರು. ಅಪ್ಪ ಮಾತ್ರ ಒಂದೇ ಮಾತು ಹೇಳಿ ಒಳಗೆ ಹೋದರು: "ಜಪಾನ್ ಮಾಲು."

ಅಪ್ಪನ ಕಾಲದವರ ಬಾಯಲ್ಲಿ ಆ ಮಾತಿಗೆ ಅರ್ಥ ಬೇರೆಯೇ ಇತ್ತು. 1930ರ ದಶಕದಲ್ಲಿ ಜಪಾನಿನ ಅಗ್ಗದ ಬಟ್ಟೆ, ಆಟಿಕೆ, ಗಾಜಿನ ಸಾಮಾನು ನಮ್ಮ ಪೇಟೆಗಳನ್ನು ತುಂಬಿದ್ದವು. ಇವತ್ತು ತಂದರೆ ನಾಳೆ ಮುರಿಯುವುದಕ್ಕೆ ಜಪಾನ್ ಮಾಲು ಎಂದು ಹೆಸರು. ನಾನು ದೊಡ್ಡವಳಾಗುವ ಹೊತ್ತಿಗೆ ಅದೇ ಮಾತಿನ ಅರ್ಥ ತಿರುಗಿ ನಿಂತಿತ್ತು. ಮದುವೆಮನೆಯಲ್ಲಿ ಯಾರಾದರೂ "ಇದು ಜಪಾನಿನದು" ಎಂದರೆ, ಸೀರೆಯಾಗಲಿ ಟೇಪ್‌ರೆಕಾರ್ಡರಾಗಲಿ, ಎಲ್ಲರೂ ಒಮ್ಮೆ ಮುಟ್ಟಿ ನೋಡುತ್ತಿದ್ದರು. ಒಂದೇ ಮಾತು ಮೂವತ್ತು ನಲವತ್ತು ವರ್ಷಗಳಲ್ಲಿ ಬೈಗುಳದಿಂದ ಹೊಗಳಿಕೆಯಾದದ್ದು ಹೇಗೆ ಎಂದು ನಾನೂ ಯಾವತ್ತೂ ಕೇಳಿಕೊಂಡವಳಲ್ಲ.

ಅಣ್ಣ ಸಂಜೆ ನಮ್ಮ ವಾಲ್ವ್ ರೇಡಿಯೋದ ಹಿಂಭಾಗಕ್ಕೆ ಒಂದು ವಯರು ಸಿಕ್ಕಿಸಿದ. ವಾರ್ತೆ ಓದುತ್ತಿದ್ದ ಪೆಟ್ಟಿಗೆಯಿಂದ ಗಿಟಾರಿನ ದನಿ ಹೊರಟಾಗ ಆಯಿ ಒಲೆಯ ಮುಂದಿನಿಂದ ಎದ್ದು ಬಂದಳು. ಮುಂದೆ ಎಷ್ಟೋ ವರ್ಷ ಊರಿನ ಗಣೇಶೋತ್ಸವದಲ್ಲಿ ಅಣ್ಣನ ಗಿಟಾರಿಗೆ ಒಂದು ಗಂಟೆ ಮೀಸಲಿರುತ್ತಿತ್ತು. ಆಮೇಲೆ ಕಡಲ ಗಾಳಿಗೆ ತಂತಿ ತುಕ್ಕು ಹಿಡಿಯಿತು, ಮಳೆಗಾಲಗಳ ಥಂಡಿಗೆ ಕತ್ತು ಬಾಗಿತು. ಗಿಟಾರು ಅಟ್ಟ ಸೇರಿತು. 1986ರಲ್ಲಿ ಕಾಮಾಲೆಯಾಗಿ ಅಣ್ಣನೇ ಹೋದ. ಏಳು ವರ್ಷ ಕಳೆದ ಮೇಲೆ ನಾನು ಅದನ್ನು ಪಾತ್ರೆಯವನಿಗೆ ಕೊಟ್ಟೆ. ಆಗ ಎಂಟು ವರ್ಷದ ನನ್ನ ಮಗ ಪಕ್ಕದಲ್ಲೇ ನಿಂತಿದ್ದ. "ಅಮ್ಮ, ಮಾವನ ಗಿಟಾರು ಯಾಕೆ ಕೊಟ್ಟೆ?" ಎಂದ. "ಮುರಿದದ್ದನ್ನು ಇಟ್ಟುಕೊಂಡು ಏನು ಮಾಡೋದು" ಎಂದೆ. ಅವನು ಮತ್ತೆ ಕೇಳಲಿಲ್ಲ. ಮರೆತಿದ್ದಾನೆ ಎಂದುಕೊಂಡೆ.

2023ರಲ್ಲಿ ಮೂರು ತಿಂಗಳು ಮಗನ ಮನೆಯಲ್ಲಿರಲು ಜಪಾನಿಗೆ ಹೋದೆ. ಅವನಿರುವುದು ನಗೋಯಾದಲ್ಲಿ. ಮನೆಯಲ್ಲಿರುವುದು ಎರಡೇ ಕೋಣೆ. ಒಂದರ ಗೋಡೆಗೆ ಏಳು ಎಲೆಕ್ಟ್ರಿಕ್ ಗಿಟಾರುಗಳು ಸಾಲಾಗಿ ತೂಗುತ್ತಿದ್ದವು. "ನೋಡಿ ಅತ್ತೆ, ನನ್ನ ಏಳು ಜನ ಸವತಿಯರು" ಎಂದಳು ಸೊಸೆ. ಎಲ್ಲವೂ ಐವತ್ತು ಅರವತ್ತು ವರ್ಷದ ಹಿಂದೆ ಜಪಾನಿನಲ್ಲೇ ಆದವು. ಅಲ್ಲಿ ಹಳೇ ಸಾಮಾನಿನ ದೊಡ್ಡ ದೊಡ್ಡ ಅಂಗಡಿಗಳಿವೆ. ಅದರಲ್ಲೊಂದು ಮೂಲೆಗೆ "ಜಂಕ್" ಎಂದೇ ಹೆಸರು. ಕೆಟ್ಟಿದ್ದರೂ ಕೇಳುವ ಹಾಗಿಲ್ಲ, ಒಮ್ಮೆ ಕೊಂಡರೆ ವಾಪಸು ಕೊಡುವ ಹಾಗಿಲ್ಲ. ಮಗ ರವಿವಾರ ಬೆಳಗಾದರೆ ಆ ಮೂಲೆಗೆ ಹೋಗಿ ಮಂಡಿಯೂರಿ ಕೂರುತ್ತಾನೆ. ತಂದದ್ದನ್ನು ಬಿಚ್ಚಿ, ತುಕ್ಕು ಒರೆಸಿ, ಕಡಿದ ವಯರಿಗೆ ಬೆಸುಗೆ ಹಾಕಿ, ಹೊಸ ತಂತಿ ಕಟ್ಟುತ್ತಾನೆ. ಗಿಟಾರೊಂದು ದನಿ ತೆಗೆದ ದಿನ ಮನೆಯಲ್ಲಿ ಸಿಹಿ.

ಇದೇನು ಹುಚ್ಚು ಎಂದು ನಾನು ಕೇಳಿದ್ದಕ್ಕೆ ಅವನು ಮೇಜಿನಿಂದ ಒಂದು ಚಿತ್ರ ತೆಗೆದು ಮುಂದಿಟ್ಟ. 1971ರ ಗಣೇಶೋತ್ಸವದ ಕಪ್ಪುಬಿಳುಪು ಚಿತ್ರ. ಅಣ್ಣ ಗಿಟಾರು ಹಿಡಿದು ನಿಂತಿದ್ದಾನೆ. ಬಿರಡೆಗಳಿರುವ ಗಿಟಾರಿನ ತಲೆಯ ಮೇಲೆ, ಶ್ರುತಿ ಮಾಡುತ್ತಿರುವ ಅಣ್ಣನ ಕೈ. ಕಂಪನಿಯ ಹೆಸರು ಬರೆಯುವುದು ಅಲ್ಲೇ. "ಹೆಸರು ಕಾಣಲ್ಲಮ್ಮ. ಬಣ್ಣ ಯಾವುದು ಅಂತಲೂ ಗೊತ್ತಾಗಲ್ಲ. ನಿನಗೆ ನೆನಪಿದೆಯಾ?" ಎಂದ. ಮೂವತ್ತು ವರ್ಷ ಅವನು ಮರೆತಿರಲಿಲ್ಲ. ನಾನು ಮುರುಗಲ ಬಣ್ಣವೆಂದೆ, ಗೆರೆಯ ತಗಡೆಂದೆ, ನಾಲ್ಕು ಬಿಳಿ ಸ್ವಿಚ್ಚೆಂದೆ. ಅವನು ಕಚೇರಿಯ ಗುಮಾಸ್ತರ ಹಾಗೆ ಎಲ್ಲವನ್ನೂ ಬರೆದುಕೊಂಡ. ಹೆಸರೇನಿತ್ತು ಎಂಬುದು ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬರಲಿಲ್ಲ. ಎಷ್ಟು ಸಲ ಅದರ ಧೂಳು ಹೊಡೆದವಳು ನಾನು!

ಆ ಮೂರು ತಿಂಗಳಲ್ಲಿ ಮಗನಿಂದ ಕೇಳಿ, ಅವನ ಜೊತೆ ಊರು ತಿರುಗಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಗಿಟಾರಿನ ವಿಷಯ ನಮಗೇಕೆ ಎನ್ನಬೇಡಿ. ಇದರಲ್ಲಿ ನಮ್ಮ ಹೊಲಿಗೆ ಯಂತ್ರವೂ ಬರುತ್ತದೆ.

ಎಲೆಕ್ಟ್ರಿಕ್ ಗಿಟಾರಿನ ಗುಟ್ಟು ಸರಳ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ವಯರಿನ ಸಾವಿರಾರು ಸುತ್ತು. ಉಕ್ಕಿನ ತಂತಿ ಕಂಪಿಸಿದಾಗ ಆ ವಯರಿನಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರು ದೊಡ್ಡದು ಮಾಡಿ ದನಿಯಾಗಿ ಹೊರಡಿಸುತ್ತದೆ. ಹಾಗಾಗಿ ನಮ್ಮ ವೀಣೆಗೆ ಬೇಕಾದ ಹಾಗೆ ಇದಕ್ಕೆ ಕೊಡ ಬೇಕಿಲ್ಲ. ಹೊಟ್ಟೆ ಇಲ್ಲದಿದ್ದರೂ ನಡೆಯುತ್ತದೆ. ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ ಇಂಥ ಗಿಟಾರು ಮಾರಾಟಕ್ಕೆ ಬಂತು. ಅದು ತೊಡೆಯ ಮೇಲಿಟ್ಟು ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿ ಗಿಟಾರು. ಆ ಹವಾಯಿ ಸಂಗೀತದ ಗಾಳಿ ಜಪಾನಿಗೂ ಬೀಸಿತ್ತು. ಮಿತ್ಸುವೊ ಮತ್ಸುಕಿ, ಅತ್ಸುವೊ ಕನೆಕೊ ಎಂಬ ಇಬ್ಬರು ಅದೇ ದಶಕದಲ್ಲಿ ಅಲ್ಲೂ ವಿದ್ಯುತ್ ಗಿಟಾರು ಮಾಡಹೊರಟರು. ಅಷ್ಟರಲ್ಲಿ ಯುದ್ಧ ಬಂತು. ಶತ್ರುದೇಶದ ಸಂಗೀತ ಬೇಡವೆಂದು ಸರ್ಕಾರ ಹವಾಯಿ ಗಿಟಾರನ್ನೇ ನಿಷೇಧಿಸಿತು. ಯುದ್ಧ ಮುಗಿದು ಊರೆಲ್ಲ ಬೂದಿಯಾಗಿದ್ದಾಗ, 1946ರಲ್ಲಿ, ಕನೆಕೊ ಮತ್ತು ದೋರ್ಯೂ ಮತ್ಸುದಾ ಎಂಬ ಎಂಜಿನಿಯರು ಸೇರಿ ಒಂದು ಸಣ್ಣ ಕಾರ್ಖಾನೆ ತೆಗೆದರು. ಮುಂದೆ ಟೀಸ್ಕೊ ಎಂದು ಹೆಸರಾದದ್ದು ಅದೇ. ಮತ್ಸುಕಿಯವರ ಗಿಟಾರಿಗೆ ಗುಯಾಟೋನ್ ಎಂದು ಹೆಸರು. ಉಣ್ಣಲು ಅಕ್ಕಿಯಿಲ್ಲದ ದಿನಗಳಲ್ಲೂ ಗಿಟಾರು ಮಾಡಲು ಕೂತವರ ಬಗ್ಗೆ ಏನು ಹೇಳುವುದು! ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು. ಆಯಿ ಅರ್ಥ ಮಾಡಿಕೊಳ್ಳುತ್ತಿದ್ದಳು.

1964ರ ಫೆಬ್ರವರಿ 9ರ ರಾತ್ರಿ ಬೀಟಲ್ಸ್ ತಂಡ ಅಮೆರಿಕದ ಟಿವಿಯಲ್ಲಿ ಹಾಡಿತು. ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ. ಮರುದಿನದಿಂದ ಅಲ್ಲಿನ ಹುಡುಗರಿಗೆಲ್ಲ ಗಿಟಾರು ಬೇಕಾಯಿತು. ಅಮೆರಿಕದ ಒಳ್ಳೆಯ ಗಿಟಾರು ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿದೆ? ಆಗ ಡಾಲರಿಗೆ 360 ಯೆನ್ ಎಂದು ದರ ಕಟ್ಟಿಟ್ಟಿತ್ತು. ಜಪಾನಿನ ಗಿಟಾರು ಅಲ್ಲಿ ಬಹಳ ಅಗ್ಗವಾಗಿ ಸಿಗುತ್ತಿತ್ತು. ಹಡಗು ಹಡಗು ಗಿಟಾರುಗಳು ಸಮುದ್ರ ದಾಟಿದವು. ಜಪಾನಿನ ಒಳಗೂ ಅದೇ ಜ್ವರ. 1965ರ ಜನವರಿಯಲ್ಲಿ ವೆಂಚರ್ಸ್ ಎಂಬ ಅಮೆರಿಕನ್ ತಂಡ ಬಂದು ನುಡಿಸಿಹೋದ ಮೇಲೆ ಎಲೆಕ್ಟ್ರಿಕ್ ಗಿಟಾರಿಗೆ "ಎಲೆಕಿ" ಎಂದು ಮುದ್ದಿನ ಹೆಸರು ಬಂತು. ತಂದೆತಾಯಿಯರು ಕಂಗಾಲಾದರು. ತೊಚಿಗಿ ಪ್ರಾಂತದ ಅಶಿಕಾಗಾ ಊರಿನ ಶಿಕ್ಷಣ ಮಂಡಳಿ ಅದೇ ವರ್ಷ ಶಾಲಾಮಕ್ಕಳು ಎಲೆಕಿ ಕೊಳ್ಳಬಾರದು, ಅದರ ಕಛೇರಿಗಳಿಗೆ ಹೋಗಬಾರದು ಎಂದು ಕಟ್ಟಪ್ಪಣೆ ಮಾಡಿತು. ಮಕ್ಕಳು ಕೆಡುತ್ತಾರೆ ಎಂಬ ಭಯ ಯಾವ ದೇಶದಲ್ಲಾದರೂ ಒಂದೇ.

ಜ್ವರ ಏರಿದಷ್ಟೇ ಬೇಗ ಇಳಿಯಿತು. ಅಮೆರಿಕದ ಗೋದಾಮುಗಳಲ್ಲಿ ಮಾಲು ಕೊಳೆಯತೊಡಗಿತು. 1967ರಲ್ಲಿ ಟೀಸ್ಕೊವನ್ನು ಪಿಯಾನೊ ಮಾಡುವ ಕವಾಯಿ ಕಂಪನಿ ಕೊಂಡುಕೊಂಡಿತು. ಸಣ್ಣಪುಟ್ಟ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. 1969ರಲ್ಲಿ ಒಬ್ಬ ಹಡಗಿನ ನೌಕರ ತನ್ನ ಸಂಬಳದಲ್ಲಿ ಕೋಬೆಯಲ್ಲಿ ಗಿಟಾರು ಕೊಳ್ಳಲು ಸಾಧ್ಯವಾದದ್ದು ಬಹುಶಃ ಇದರಿಂದಲೇ, ಮಾರಾಟವಾಗದೆ ಉಳಿದ ಮಾಲಿಗೆ ಬೆಲೆ ಇಳಿದಿತ್ತು, ಎಂದು ಮಗನ ಲೆಕ್ಕಾಚಾರ. ಇದನ್ನು ಕೇಳಿ ನನಗೆ ಯಾಕೋ ಅಣ್ಣನ ಮೇಲೆ ಪ್ರೀತಿ ಹೆಚ್ಚಾಯಿತು. ಅವನೂ ಚೌಕಾಸಿ ಮಾಡಿಯೇ ತಂದಿರಬೇಕು.

ಒಂದು ಶನಿವಾರ ಮಗ ನನ್ನನ್ನು ಮತ್ಸುಮೊತೊ ಎಂಬ ಊರಿಗೆ ಕರೆದುಕೊಂಡು ಹೋದ. ನಗೋಯಾದಿಂದ ರೈಲಿನಲ್ಲಿ ಎರಡು ಗಂಟೆ. ಕಿಸೊ ಕಣಿವೆಯ ನಡುವೆ ಹೊಳೆಯ ಜೊತೆಜೊತೆಗೇ ರೈಲು ಹೋಗುತ್ತದೆ. ನಮ್ಮ ಘಟ್ಟದ ಕಾಡು ನೆನಪಾಯಿತು. ಊರಿನ ನಡುವೆ ಕಪ್ಪು ಬಣ್ಣದ ಹಳೆಯ ಕೋಟೆ, ಸುತ್ತಲೂ ಎತ್ತರದ ಬೆಟ್ಟಗಳು, ಒಣ ಗಾಳಿ. ಒಣ ಗಾಳಿಯೆಂದರೆ ಮರಕ್ಕೆ ಒಳ್ಳೆಯದು. ಹಿಂದಿನಿಂದಲೂ ಮರದ ಪೀಠೋಪಕರಣಕ್ಕೆ ಹೆಸರಾದ ಊರು ಅದು. ಅಲ್ಲಿ 1951ರಲ್ಲಿ ಮತ್ಸುಮೊಕು ಎಂಬ ಬಡಗಿ ಕಾರ್ಖಾನೆ ಶುರುವಾಯಿತು. ಅವರು ಮಾಡುತ್ತಿದ್ದದ್ದು ಏನು ಗೊತ್ತೇ? ಸಿಂಗರ್ ಹೊಲಿಗೆ ಯಂತ್ರಗಳಿಗೆ ಮರದ ಪೆಟ್ಟಿಗೆ!

ಆಯಿಯ ಹೊಲಿಗೆ ಯಂತ್ರಕ್ಕೂ ಅಂಥದೇ ಒಂದು ಮರದ ಮುಚ್ಚಳವಿತ್ತು. ಅದರ ಅಂಚು ಎಷ್ಟು ನುಣುಪೆಂದರೆ ಚಿಕ್ಕವಳಿದ್ದಾಗ ನಾನು ಅದಕ್ಕೆ ಕೆನ್ನೆ ಒರಗಿಸಿ ಕೂರುತ್ತಿದ್ದೆ. ಹಲಗೆಗಳನ್ನು ಪದರ ಪದರವಾಗಿ ಅಂಟಿಸುವುದು, ಬಾಗಿಸುವುದು, ಉಜ್ಜುವುದು, ಮೇಲೆ ಗಾಜಿನಂತೆ ವಾರ್ನಿಷು ಕೂರಿಸುವುದು, ಇಷ್ಟು ಬಂದವರಿಗೆ ಗಿಟಾರಿನ ಮೈ ಮಾಡುವುದು ಕಷ್ಟವೇ? 1960ರ ದಶಕದ ನಡುವಿನಲ್ಲಿ ಮತ್ಸುಮೊಕು ಗಿಟಾರಿಗೆ ಕೈಹಾಕಿತು. ಅದೇ ಊರಿನಲ್ಲಿ 1960ರಲ್ಲಿ ಫುಜಿಗೆನ್ ಎಂಬ ಇನ್ನೊಂದು ಕಂಪನಿ ಹುಟ್ಟಿತ್ತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಯುಯಿಚಿರೊ ಯೊಕೊಉಚಿ ರೈತರು. ಮೊದಲ ಕಾರ್ಖಾನೆ ದನದ ಕೊಟ್ಟಿಗೆ. ಗಿಟಾರು ಮಾಡಿ ಗೊತ್ತಿರಲಿಲ್ಲ. ಬಿಚ್ಚಿ ನೋಡಿ, ಅಳೆದು, ಕೆಡಿಸಿ, ಮತ್ತೆ ಮಾಡಿ ಕಲಿತರು.

ಇದೇ ಊರಿನಲ್ಲಿ ಇನ್ನೊಬ್ಬರಿದ್ದರು. ಮಕ್ಕಳಿಗೆ ಪಿಟೀಲು ಕಲಿಸುವ ಪದ್ಧತಿಯಿಂದ ಜಗತ್ತಿಗೆ ಗೊತ್ತಾದ ಶಿನಿಚಿ ಸುಝುಕಿ. 1898ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡವರು. ಅವರ ತಂದೆ ಮಸಾಕಿಚಿ ನಗೋಯಾದಲ್ಲಿ ಶಾಮಿಸೆನ್ ಎಂಬ ದೇಶೀ ವಾದ್ಯ ಮಾಡುವ ಮನೆತನದವರು. 1880ರ ದಶಕದ ಕೊನೆಗೆ ಬೇರೊಬ್ಬರ ಪಿಟೀಲು ನೋಡಿ ತಾವೂ ಒಂದು ಮಾಡಿ, ಕೊನೆಗೆ ದೊಡ್ಡ ಪಿಟೀಲು ಕಾರ್ಖಾನೆ ಕಟ್ಟಿದರು. ಮಗ ಶಿನಿಚಿ ಯುದ್ಧವಾದ ಮೇಲೆ, 1946ರಲ್ಲಿ, ಮತ್ಸುಮೊತೊದಲ್ಲಿ ಮಕ್ಕಳಿಗೆ ಪಾಠ ಶುರುಮಾಡಿದರು. ಅವರ ವಿಚಾರ ಇಷ್ಟೇ: ಮಗು ತಾಯಿಯ ಮಾತು ಕೇಳಿ ಕೇಳಿ, ಅನುಕರಿಸಿ ಅನುಕರಿಸಿ ಮಾತು ಕಲಿಯುತ್ತದೆ, ಸಂಗೀತವನ್ನೂ ಹಾಗೆಯೇ ಕಲಿಸಬೇಕು. ತಾಯಿಯೂ ಮಗುವಿನ ಜೊತೆ ಪಾಠಕ್ಕೆ ಕೂರಬೇಕು.

ಆ ಊರಿನ ಬೀದಿಯಲ್ಲಿ ನಡೆಯುತ್ತ ನನಗೆ ಅಪ್ಪನ "ಜಪಾನ್ ಮಾಲು" ನೆನಪಾಗುತ್ತಿತ್ತು. ನಕಲು ಮಾಡುವವರು ಎಂದೇ ಆ ದೇಶವನ್ನು ಜಗತ್ತು ಹೀಗಳೆದದ್ದು. ನಾವು ಹೆಂಗಸರು ಯಾವುದನ್ನು ನಕಲು ಮಾಡದೆ ಕಲಿತಿದ್ದೇವೆ? ಅತ್ತೆಯ ಕೈ ನೋಡಿ ಚಕ್ಕುಲಿ ಒತ್ತಿದೆವು. ಪಕ್ಕದವರ ಅಂಗಳ ನೋಡಿ ರಂಗೋಲಿಯ ಚುಕ್ಕಿ ಇಟ್ಟೆವು. ಮೊದಲ ಚಕ್ಕುಲಿ ನೋಡಲು ಅತ್ತೆಯದರ ಹಾಗೇ ಇರುತ್ತದೆ, ಹಲ್ಲಿಗೆ ಮಾತ್ರ ಕಲ್ಲು. ಒಳಗಿನ ಹದ ಕೈಗೆ ಹತ್ತಲು ಹತ್ತು ದೀಪಾವಳಿ ಬೇಕು. ಕರ್ನಾಟಕ ಸಂಗೀತದವರೂ ಯುರೋಪಿನ ಪಿಟೀಲನ್ನು ತೆಗೆದುಕೊಂಡು, ಭುಜದಿಂದ ಇಳಿಸಿ, ಚಕ್ಕಳಮಕ್ಕಳ ಹಾಕಿ ಕೂತು ನಮ್ಮದಾಗಿ ಮಾಡಿಕೊಳ್ಳಲಿಲ್ಲವೇ?

ಗಿಟಾರಿನ ಕಥೆಯೂ ಹಾಗೆಯೇ. 1970ರ ಸುಮಾರಿಗೆ ಜಪಾನಿನವರು ಗಿಬ್ಸನ್, ಫೆಂಡರ್ ಎಂಬ ಅಮೆರಿಕದ ಹೆಸರಾಂತ ಗಿಟಾರುಗಳ ನಕಲು ತೆಗೆಯತೊಡಗಿದರು. ಮೊದಮೊದಲು ಹೊರಗಿನ ರೂಪ ಮಾತ್ರ. ಮೂಲದಲ್ಲಿ ಕತ್ತನ್ನು ಮೈಯೊಳಗೆ ಅಂಟಿಸಿರುತ್ತಿದ್ದರೆ ಇವರು ಸ್ಕ್ರೂ ಹಾಕಿ ಬಿಗಿಯುತ್ತಿದ್ದರು. ಮೂಲದಲ್ಲಿ ಗಟ್ಟಿ ಮರವಿದ್ದ ಕಡೆ ಇವರದು ಒಳಗೆ ಟೊಳ್ಳಾದ ಪ್ಲೈವುಡ್ಡು. ವರ್ಷ ವರ್ಷಕ್ಕೂ ಹದ ಕೂಡುತ್ತ ಬಂತು. ಸ್ಕ್ರೂ ಹೋಗಿ ಅಂಟು ಬಂತು. ಪ್ಲೈವುಡ್ಡು ಹೋಗಿ ಗಟ್ಟಿಮರ ಬಂತು. 1976ರಲ್ಲಿ ಯಮಾಹಾ ಕಂಪನಿ, ಕಾರ್ಲೋಸ್ ಸಾಂತಾನಾ ಎಂಬ ದೊಡ್ಡ ವಾದಕರು ಮೊದಲಿನ ಮಾದರಿಯಲ್ಲಿ ತೋರಿಸಿದ ಕೊರತೆಗಳನ್ನೆಲ್ಲ ತಿದ್ದಿ ಎಸ್‌ಜಿ 2000 ಎಂಬ ಗಿಟಾರು ಹೊರತಂದಿತು. ಅದು ಯಾರ ನಕಲೂ ಅಲ್ಲ.

ಅಮೆರಿಕದವರಿಗೆ ದಿಗಿಲಾಯಿತು. 1908ರಲ್ಲಿ ನಗೋಯಾದ ಒಂದು ಪುಸ್ತಕದಂಗಡಿಯ ವಾದ್ಯ ವಿಭಾಗವಾಗಿ ಹುಟ್ಟಿದ ಹೊಶಿನೊ ಎಂಬ ಸಂಸ್ಥೆ ಇಬಾನೆಜ್ ಎಂಬ ಹೆಸರಿನಲ್ಲಿ ಗಿಟಾರು ಮಾರುತ್ತಿತ್ತು. ಇಬಾನೆಜ್ ಎನ್ನುವುದೂ ಎರವಲೇ. 1929ರಲ್ಲಿ ಅವರು ತರಿಸುತ್ತಿದ್ದ ಸ್ಪೇನ್ ದೇಶದ ಗಿಟಾರುಗಳ ಹೆಸರು ಅದು. ಮಾಡಿಕೊಡುತ್ತಿದ್ದವರು ಮುಖ್ಯವಾಗಿ ಮತ್ಸುಮೊತೊದ ಫುಜಿಗೆನ್. 1977ರ ಜೂನ್ 28ರಂದು ಗಿಬ್ಸನ್ ಕಂಪನಿಯ ಒಡೆಯರಾದ ನಾರ್ಲಿನ್ ಸಂಸ್ಥೆಯವರು ಇಬಾನೆಜ್‌ನ ಅಮೆರಿಕದ ವ್ಯವಹಾರ ನೋಡಿಕೊಳ್ಳುವವರ ಮೇಲೆ ಫಿಲಡೆಲ್ಫಿಯಾದಲ್ಲಿ ದಾವೆ ಹೂಡಿದರು. ತಕರಾರು ಗಿಟಾರಿನ ತಲೆಯ ಆಕಾರದ ಮೇಲೆ. ತಮಾಷೆಯೆಂದರೆ ಅಷ್ಟು ಹೊತ್ತಿಗೆ ಇಬಾನೆಜ್‌ನವರು ಆ ಆಕಾರವನ್ನು ಬದಲಿಸಿಯೇ ಬಿಟ್ಟಿದ್ದರು. 1978ರಲ್ಲಿ ಕೋರ್ಟಿನ ಹೊರಗೇ ರಾಜಿಯಾಯಿತು. ಆದರೂ ಆ ಕಾಲದ ಜಪಾನ್ ಗಿಟಾರುಗಳಿಗೆಲ್ಲ ಇಂದಿಗೂ ಪೇಟೆಯಲ್ಲಿ "ದಾವೆಯ ಗಿಟಾರು" ಎಂದೇ ಹೆಸರು. ಕೋರ್ಟಿನ ಮೆಟ್ಟಿಲನ್ನೇ ಹತ್ತದ ಗಿಟಾರಿಗೂ ಹಾಗೆಂದೇ ಹೇಳಿ ಬೆಲೆ ಏರಿಸುತ್ತಾರೆ ಎಂದು ಮಗ ನಗುತ್ತಾನೆ.

1982ರಲ್ಲಂತೂ ಫೆಂಡರ್ ಕಂಪನಿಯೇ ಜಪಾನಿನವರ ಜೊತೆ ಸೇರಿ ಫೆಂಡರ್ ಜಪಾನ್ ಎಂಬ ಸಂಸ್ಥೆ ತೆಗೆದು, ತನ್ನ ಹೆಸರಿನ ಗಿಟಾರುಗಳನ್ನು ಫುಜಿಗೆನ್‌ನಲ್ಲಿ ಮಾಡಿಸತೊಡಗಿತು. 1985ರಲ್ಲಿ ಅಮೆರಿಕದ ಫೆಂಡರ್ ಮಾರಾಟವಾದಾಗ ಹೊಸ ಮಾಲೀಕರಿಗೆ ಹೆಸರು ಸಿಕ್ಕಿತು, ಹಳೆಯ ಕಾರ್ಖಾನೆ ಸಿಗಲಿಲ್ಲ. ಹೊಸ ಕಾರ್ಖಾನೆ ಏಳುವವರೆಗೆ ಅಂಗಡಿಗಳಿಗೆ ಮಾಲು ಒದಗಿಸಿ ಆ ಹೆಸರನ್ನು ಉಳಿಸಿದ್ದು ಹೆಚ್ಚಾಗಿ ಜಪಾನಿನ ಗಿಟಾರುಗಳೇ. ದನದ ಕೊಟ್ಟಿಗೆಯಲ್ಲಿ ಕಲಿತವರು ಗುರುವಿನ ಮನೆಯ ದೀಪ ಆರದಂತೆ ನೋಡಿಕೊಂಡರು ಎನ್ನಬೇಕು.

ಗೆದ್ದದ್ದೇ ಮುಳುವಾಯಿತು. ಅದೇ 1985ರ ಸೆಪ್ಟೆಂಬರಿನಲ್ಲಿ ದೊಡ್ಡ ದೇಶಗಳವರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಕೂತು ಡಾಲರಿನ ಬೆಲೆ ಇಳಿಸಲು ಒಪ್ಪಂದ ಮಾಡಿಕೊಂಡರು. ಆಗ ಡಾಲರಿಗೆ ಸುಮಾರು 240 ಯೆನ್ ಇತ್ತು. ಎರಡೇ ವರ್ಷದಲ್ಲಿ 150ಕ್ಕಿಂತ ಕೆಳಗೆ ಬಂತು. ಜಪಾನಿನ ಗಿಟಾರು ಅಮೆರಿಕದಲ್ಲಿ ಒಮ್ಮೆಲೇ ದುಬಾರಿಯಾಯಿತು. ಅಗ್ಗದ ಗಿಟಾರುಗಳ ಕೆಲಸ ಕೊರಿಯಾಕ್ಕೆ, ಮುಂದೆ ಇಂಡೋನೇಷ್ಯಾ, ಚೀನಾಕ್ಕೆ ಹೋಯಿತು. ಹೊಲಿಗೆ ಯಂತ್ರದ ಪೆಟ್ಟಿಗೆಯಿಂದ ಶುರುವಾದ ಮತ್ಸುಮೊಕು 1987ರಲ್ಲಿ ಬಾಗಿಲು ಹಾಕಿತು. ನಾವು ಹೋದಾಗ ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ. ಮಗ ಆದರೂ ಕ್ಯಾಮೆರಾ ತೆಗೆದು ಬೆಟ್ಟದ ಕಡೆ ತಿರುಗಿ ಒಂದು ಚಿತ್ರ ತೆಗೆದುಕೊಂಡ.

ಬರುವಾಗ ರೈಲಿನಲ್ಲಿ ಒಂದು ವಿಷಯ ಹೇಳಿದ. ಮತ್ಸುಮೊಕುವಿನವರು ಲಕ್ಷಗಟ್ಟಲೆ ಗಿಟಾರು ಮಾಡಿದರೂ ಅವುಗಳ ತಲೆಯ ಮೇಲೆ ತಮ್ಮ ಹೆಸರು ಬರೆದುಕೊಳ್ಳಲಿಲ್ಲ. ಏರಿಯಾ, ಯೂನಿವಾಕ್ಸ್, ಎಲೆಕ್ಟ್ರಾ, ಎಪಿಫೋನ್ ಹೀಗೆ ಮಾರುವವರ ಹೆಸರುಗಳೇ. ಟೀಸ್ಕೊ ಗಿಟಾರುಗಳೂ ಅಮೆರಿಕದಲ್ಲಿ ಹತ್ತಾರು ಹೆಸರು ಹೊತ್ತು ಮಾರಾಟವಾದವು. ಹಾಗಾಗಿ ಹಳೆಯ ಗಿಟಾರು ಸಂಗ್ರಹಿಸುವವರು ಹೆಸರು ನಂಬುವುದಿಲ್ಲ. ಸ್ಕ್ರೂ ನೋಡುತ್ತಾರೆ, ಕತ್ತು ಕೂಡುವ ಜಾಗ ನೋಡುತ್ತಾರೆ, ಬಿರಡೆ ನೋಡುತ್ತಾರೆ. 1975ರ ನಂತರದ ಇಬಾನೆಜ್ ಆದರೆ ನಂಬರಿನಿಂದಲೇ ತಿಂಗಳು ವರ್ಷ ಹೇಳುತ್ತಾರೆ. ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ, ಮುಂದಿನ ಎರಡು ಅಂಕಿ ವರ್ಷ. ಅದಕ್ಕೂ ಹಿಂದಿನವಕ್ಕೆ ಅದೂ ಇಲ್ಲ. ಮಗುವಿನ ಮೂಗು ನೋಡಿ ಯಾವ ಮನೆಯದೆಂದು ಹೇಳುವ ಅಜ್ಜಿಯರ ಹಾಗೆ ಹೇಳಬೇಕು.

ಅಮೆರಿಕದ ಫೆಂಡರ್ ಕಾರ್ಖಾನೆಯಲ್ಲಿ ಅಬಿಗೇಲ್ ಇಬಾರಾ ಎಂಬ ಹೆಂಗಸು 1956ರಿಂದ ಆ ತಾಮ್ರದ ವಯರು ಸುತ್ತುವ ಕೆಲಸ ಮಾಡುತ್ತಿದ್ದರು. ಅವರ ಕೈಯಲ್ಲಿ ಆದದ್ದನ್ನು ಇಂದು ಜನ ಹುಡುಕಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ಜಪಾನಿನ ಕಾರ್ಖಾನೆಗಳ ಹಳೆಯ ಚಿತ್ರಗಳನ್ನು ಮಗ ತೋರಿಸಿದ. ಅವುಗಳಲ್ಲೂ ತಲೆಗೆ ಬಟ್ಟೆ ಕಟ್ಟಿಕೊಂಡು ಬಗ್ಗಿ ಕೂತ ಹೆಂಗಸರಿದ್ದರು. ಯಾರ ಹೆಸರೂ ಇರಲಿಲ್ಲ.

ಹಾಗೆಂದು ಆ ಅಗ್ಗದ ಗಿಟಾರುಗಳು ವ್ಯರ್ಥವಾಗಲಿಲ್ಲ. ಶಿಕಾಗೊದಲ್ಲಿ ಹೌಂಡ್ ಡಾಗ್ ಟೇಲರ್ ಎಂಬ ಕರಿಯ ಗಾಯಕರು ಸಣ್ಣ ಸಣ್ಣ ಹೋಟೆಲುಗಳಲ್ಲಿ ನುಡಿಸುತ್ತಿದ್ದದ್ದು ಇಂಥವನ್ನೇ. ಅವರಿಗಾಗಿಯೇ ಅಭಿಮಾನಿಯೊಬ್ಬರು ಧ್ವನಿಮುದ್ರಣ ಸಂಸ್ಥೆ ತೆಗೆದು 1971ರಲ್ಲಿ ಅವರ ಮೊದಲ ದೊಡ್ಡ ರೆಕಾರ್ಡ್ ತಂದರು. ಬಡವರ ಮನೆಯ ಮಕ್ಕಳು ಕಲಿತದ್ದು ಇವುಗಳ ಮೇಲೆ. ಅಣ್ಣ ಕಲಿತದ್ದೂ.

ಅಣ್ಣ ಹಡಗು ಸೇರುವ ಮುಂಚೆ ಭಜನೆಯಲ್ಲಿ ಬುಲ್‌ಬುಲ್ ತರಂಗ ನುಡಿಸುತ್ತಿದ್ದ. ಟೈಪ್‌ರೈಟರಿನಂಥ ಗುಂಡಿಗಳಿರುವ ತಂತಿವಾದ್ಯ, ನೀವೂ ನೋಡಿರುತ್ತೀರಿ. ನಾನು ಅದನ್ನು ನಮ್ಮದೇ ವಾದ್ಯವೆಂದು ತಿಳಿದಿದ್ದೆ. ಅದು ಹುಟ್ಟಿದ್ದು ನಾನು ಕೂತಿದ್ದ ಇದೇ ನಗೋಯಾದಲ್ಲಂತೆ! 1912ರಲ್ಲಿ ಗೋರೊ ಮೊರಿತಾ ಎಂಬವರು ಮಾಡಿದ ತಾಯಿಶೊಗೊತೊ ಎಂಬ ವಾದ್ಯ ನಮ್ಮ ದೇಶಕ್ಕೆ ಬಂದು, ಹೆಸರು ಬದಲಿಸಿಕೊಂಡು, ನಮ್ಮ ಭಜನೆಗಳಲ್ಲಿ ಕೂತುಬಿಟ್ಟಿತು. ಕುಮಟೆಯ ಹುಡುಗನ ಬೆರಳಿಗೆ ಜಪಾನಿನ ತಂತಿಯ ಪರಿಚಯ ಕೋಬೆ ನೋಡುವ ಮೊದಲೇ ಆಗಿತ್ತು.

ಹೊರಡಲು ಒಂದು ವಾರವಿದ್ದಾಗ ಮಗ ಜಂಕ್ ಮೂಲೆಯಿಂದ ನನ್ನನ್ನು ಕೂಗಿದ. ಅವನ ಕೈಯಲ್ಲಿ ಮುರುಗಲ ಬಣ್ಣದ ಗಿಟಾರು. ನಾಲ್ಕು ಬಿಳಿ ಸ್ವಿಚ್ಚು. ತಂತಿಯಿಲ್ಲ. ನನ್ನ ಎದೆ ಡವಗುಟ್ಟಿತು. "ಇದೇನಾ ಅಮ್ಮ?" ಎಂದು ನನ್ನ ಕೈಗೆ ಕೊಟ್ಟ. ಹೌದು ಎಂದುಬಿಡಬಹುದಿತ್ತು. ಅವನಿಗೆ ಸಮಾಧಾನವಾಗುತ್ತಿತ್ತು, ನನಗೂ ಒಂದು ಭಾರ ಇಳಿಯುತ್ತಿತ್ತು. ತಿರುಗಿಸಿ ತಿರುಗಿಸಿ ನೋಡಿದೆ. ಸ್ವಿಚ್ಚಿನ ಕೆಳಗೆ ಗೆರೆಯ ತಗಡಿರಲಿಲ್ಲ, ಬಿಳಿ ಪ್ಲಾಸ್ಟಿಕ್ಕಿತ್ತು. "ಅಲ್ಲ" ಎಂದೆ. ಅವನು ಬೇಸರಪಡಲಿಲ್ಲ. ಚೀಟಿ ತೆಗೆದು ಏನೋ ಬರೆದುಕೊಂಡು ಗಿಟಾರನ್ನು ಇದ್ದಲ್ಲೇ ಇಟ್ಟ.

ದಾರಿಯಲ್ಲಿ ಹೇಳಿಬಿಟ್ಟೆ: "ಅವತ್ತು ಅದನ್ನು ಕೊಟ್ಟದ್ದು ನನ್ನ ತಪ್ಪು ಮಗ. ಮೇಲೊಂದು ಸೌಟು ಬೇರೆ ಕೇಳಿ ತಗೊಂಡೆ." ಅವನು ಜೋರಾಗಿ ನಕ್ಕ. "ಸೌಟಿನ ಸುದ್ದಿ ನೀನು ಹೇಳಿರಲೇ ಇಲ್ಲ" ಎಂದ. ಸ್ವಲ್ಪ ದೂರ ನಡೆದ ಮೇಲೆ, "ಅದು ಸಿಗಲಿ ಅಂತ ಅಲ್ಲಮ್ಮ. ಹುಡುಕ್ತಾ ಇದ್ದರೆ ಮಾವನ ವಿಷಯ ಯಾರಾದರೂ ಮಾತಾಡ್ತಾರೆ. ನೋಡು, ಈ ಮೂರು ತಿಂಗಳಲ್ಲಿ ನೀನೇ ಎಷ್ಟು ಹೇಳಿದೆ" ಎಂದ. ಹೌದು. ಅಣ್ಣ ಹೋದ ಮೇಲೆ ಅಷ್ಟು ವರ್ಷ ನಾನು ಅವನ ಬಗ್ಗೆ ಒಂದು ಸಂಜೆಯೂ ಕೂತು ಮಾತಾಡಿರಲಿಲ್ಲ.

ಊರಿಗೆ ಬಂದ ಮರುದಿನ ಅವಲಕ್ಕಿ ಡಬ್ಬಿ ಖಾಲಿ ಮಾಡಿ ಬಿಸಿನೀರಿನಲ್ಲಿ ತೊಳೆದೆ. ಒರೆಸಿ ಬೋರಲು ಹಾಕುವಾಗ ತಳ ನೋಡಿದೆ. ಯಾರು ಮಾಡಿದ್ದು, ಯಾವ ಊರಿನದು, ಏನೂ ಇಲ್ಲ. ಇದ್ದದ್ದು ನನ್ನ ಹೆಸರು ಮಾತ್ರ. ಕಳೆದುಹೋಗಬಾರದೆಂದು ಆಗಲೇ ಪಾತ್ರೆ ಅಂಗಡಿಗೆ ಕೊಟ್ಟು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದೆ.